ಸೊಂಗ್ನಾಮ್‌ನ ಬೇಸಿಗೆ ಕಾರ್ಯಾಗಾರಕ್ಕೆ ಹೊರಟಿರುವವರಿಗೆ

ದೆಹಲಿಯಲ್ಲಿ ಕೊರಿಯನ್ ಅಧ್ಯಯನದಲ್ಲಿ ಸಂಶೋಧನೆ ಮಾಡುತ್ತಿರುವ ನೀವು, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರಕ್ಕೆ ತಾಗಿದಂತಿರುವ ಸೊಂಗ್ನಾಮ್‌ನಲ್ಲಿ ಈ ಬೇಸಿಗೆ ನಡೆಯುವ ಕಾರ್ಯಾಗಾರಕ್ಕೆ ಆಯ್ಕೆಯಾಗಿರುವುದಾಗಿ ತಿಳಿಸಿ ಮೂರು ಪ್ರಶ್ನೆ ಕೇಳಿದ್ದೀರಿ. ಕೊರಿಯನ್ ಭಾಷೆಯ ಸಾಮರ್ಥ್ಯ ಅಳೆಯುವ ಟೋಪಿಕ್ ಪರೀಕ್ಷೆಯ ನಾಲ್ಕನೇ ಹಂತದ ಕೊರಿಯನ್ ಸಾಕೇ, ಸಸ್ಯಾಹಾರಿಗಳಿಗೆ ಊಟಕ್ಕೇನು ಗತಿ, ಪ್ರಾಧ್ಯಾಪಕರೊಡನೆ ಹೇಗೆ ನಡೆದುಕೊಳ್ಳಬೇಕು. ನಾನು ಬಹಳ ವರ್ಷಗಳಿಂದ ಇಲ್ಲೇ ನೆಲೆಸಿದ್ದೇನೆ. ಹೀಗೆ ಬಂದುಹೋಗುವ ನಮ್ಮ ಕಡೆಯ ವಿದ್ಯಾರ್ಥಿಗಳನ್ನು ಕಂಡ ಅನುಭವದಿಂದ ಹೇಳುವುದಾದರೆ, ಕೊನೆಯ ಎರಡು ಹೇಗೋ ಸರಿಹೋಗುತ್ತವೆ, ಮೊದಲನೆಯದಕ್ಕೆ ಮಾತ್ರ ಈಗಿನಿಂದಲೇ ಕೂರಬೇಕು.

ಉಪನ್ಯಾಸ ಕೇಳಲು, ಚರ್ಚೆಯಲ್ಲಿ ನಾಲ್ಕು ಮಾತಾಡಲು ನಿಮ್ಮ ಕೊರಿಯನ್ ಸಾಕು. ಆದರೆ ನಿಮ್ಮ ವಿಷಯ ಆಗ ಕೊರಿಯಾವನ್ನು ಆಳುತ್ತಿದ್ದ ಜೋಸನ್ ರಾಜವಂಶದ ಹದಿನೆಂಟನೇ ಶತಮಾನದ ಅರಮನೆಯ ಖರ್ಚುವೆಚ್ಚ. ಕೊರಿಯನ್ನರ ಸ್ವಂತ ಲಿಪಿ ಹಂಗುಲ್ 1446ರಲ್ಲೇ ಪ್ರಕಟವಾದರೂ ರಾಜ್ಯದ ಬರವಣಿಗೆ 1894ರ ಗಾಬೊ ಎಂಬ ಆಡಳಿತ ಸುಧಾರಣೆಯವರೆಗೆ ಬಹುಮಟ್ಟಿಗೆ ಹಾನ್ಮುನ್‌ನಲ್ಲಿ, ಅಂದರೆ ಶಾಸ್ತ್ರೀಯ ಚೀನೀ ಭಾಷೆಯಲ್ಲೇ ಸಾಗಿತು. ಆದ್ದರಿಂದ ಸೋಲ್ ಬೀದಿಯಲ್ಲಿ ನಿರರ್ಗಳವಾಗಿ ಮಾತಾಡುವವರೂ ನಿಮ್ಮ ಕಡತದ ಮುಂದೆ ಕೈಚೆಲ್ಲುವುದುಂಟು. ಹೊರಡುವ ಮುನ್ನ ದಿನಕ್ಕೆ ಅರ್ಧ ಗಂಟೆಯಾದರೂ ಜೋಸನ್ ರಾಜವಂಶದ ಅಧಿಕೃತ ವೃತ್ತಾಂತಗಳನ್ನು, ಅಂದರೆ ‘ಸಿಲ್ಲೊಕ್’ ಅನ್ನು, ಅಂತರ್ಜಾಲದಲ್ಲಿ ತೆರೆದುಕೊಳ್ಳಿ. ಮೂಲವೂ ಆಧುನಿಕ ಕೊರಿಯನ್ ಅನುವಾದವೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಅನುವಾದವನ್ನು ಮುಚ್ಚಿಟ್ಟು ಒಂದು ಚಿಕ್ಕ ನಮೂದನ್ನು ಓದಿ, ಆಮೇಲೆ ತೆಗೆದು ಹೋಲಿಸಿ. ರಾಜನ ಕಾರ್ಯಾಲಯದ ದಿನವಹಿ ‘ಸುಂಗ್‌ಜೊಂಗ್ವೊನ್ ಇಲ್ಗಿ’ಯ ಮೂಲ ಹಸ್ತಪ್ರತಿಗಳು ಓಟದ ಬರಹದಲ್ಲಿವೆ, ನಮ್ಮ ಹಳೆಯ ದಫ್ತರಗಳ ಮೋಡಿ ಲಿಪಿಯಂತೆ, ಅಕ್ಷರ ಬಲ್ಲವರಿಗೂ ಅದು ಬೇರೆಯೇ ಅಭ್ಯಾಸ. ಅದಕ್ಕೆ ಈಗಲೇ ಕೈಹಾಕಬೇಡಿ.

ಸೊಂಗ್ನಾಮ್‌ನ ನಿಜವಾದ ಸಂಪತ್ತು, 1978ರಲ್ಲಿ ಸ್ಥಾಪನೆಯಾದ ಕೊರಿಯನ್ ಅಧ್ಯಯನ ಅಕಾಡೆಮಿಯ ಆವರಣದಲ್ಲಿರುವ ಜಾಂಗ್ಸೊಗಾಕ್ ಎಂಬ ರಾಜಮನೆತನದ ಗ್ರಂಥಭಂಡಾರ. ಅರಮನೆಯ ಮದುವೆ, ಶವಯಾತ್ರೆ, ಕಟ್ಟಡ ಕಾಮಗಾರಿ ಮುಂತಾದ ಕಾರ್ಯಗಳ ಸಚಿತ್ರ ವರದಿಗಳಾದ ‘ಉಯ್‌ಗ್ವೆ’ಗಳನ್ನು ನೀವು ಅಲ್ಲಿ ನೋಡಲೇಬೇಕು. ಮೂಲ ಪ್ರತಿಯನ್ನು ಕೈಗೆ ಕೊಡುವುದು ಅಪರೂಪ, ಸಾಮಾನ್ಯವಾಗಿ ಡಿಜಿಟಲ್ ಚಿತ್ರವೇ ಸಿಗುವುದು. ಬೇಸರಪಡಬೇಡಿ, ನಿಮ್ಮ ವಿಷಯಕ್ಕೆ ಅಷ್ಟು ಸಾಕು. ಮೆರವಣಿಗೆಯ ಬಣ್ಣದ ಚಿತ್ರಗಳನ್ನು ನೋಡಿ ಎಲ್ಲರೂ ಮೈಮರೆಯುತ್ತಾರೆ, ಆದರೆ ಖರ್ಚುವೆಚ್ಚದ ವಿದ್ಯಾರ್ಥಿ ಓದಬೇಕಾದದ್ದು ಅದರ ಹಿಂದುಮುಂದಿನ ನೀರಸ ಪುಟಗಳನ್ನು. ಕಿಂಗ್ ಜೊಂಗ್ಜೊ 1794ರಿಂದ 1796ರವರೆಗೆ ಸುವಾನ್‌ನಲ್ಲಿ ಕಟ್ಟಿಸಿದ ಹ್ವಾಸೊಂಗ್ ಕೋಟೆಯ ಉಯ್‌ಗ್ವೆ 1801ರಲ್ಲಿ ಅಚ್ಚಾಯಿತು. ಕಲ್ಲು, ಇಟ್ಟಿಗೆ, ಮರದ ಲೆಕ್ಕದ ಜೊತೆಗೆ ಕುಶಲಕರ್ಮಿಗಳ ಹೆಸರು, ಕೊಟ್ಟ ಕೂಲಿ, ಎತ್ತುವ ಯಂತ್ರದ ಬಿಡಿ ಭಾಗಗಳ ಚಿತ್ರ ಸಹ ಅದರಲ್ಲಿವೆ. ಕೊರಿಯನ್ ಯುದ್ಧದಲ್ಲಿ ಹಾನಿಗೊಂಡ ಕೋಟೆಯನ್ನು 1970ರ ದಶಕದಲ್ಲಿ ಮರುನಿರ್ಮಿಸಿದ್ದು ಇದೇ ವರದಿಯ ಆಧಾರದಲ್ಲಿ. ಸುವಾನ್ ಹತ್ತಿರವೇ ಇದೆ. ಒಂದು ಭಾನುವಾರ ಆ ಪುಟಗಳ ನಕಲು ಹಿಡಿದು ಕೋಟೆ ಸುತ್ತಿ ಬನ್ನಿ. ಕಾರ್ಯಾಗಾರದವರು ಏರ್ಪಡಿಸುವ ಬಸ್ ಪ್ರವಾಸದಲ್ಲಿ ಫೋಟೊ ತೆಗೆಯುವಷ್ಟರಲ್ಲಿ ಹೊತ್ತು ಮುಗಿಯುತ್ತದೆ.

ಭಾರತದವರೆಂದು ತಿಳಿದ ಕೂಡಲೇ ಊಟದ ಮೇಜಿನಲ್ಲಿ ಯಾರಾದರೂ ಹೊ ಹ್ವಾಂಗ್-ಓಕ್ ರಾಣಿಯ ಕಥೆ ತೆಗೆಯುತ್ತಾರೆ. ಆಯುತ ಎಂಬ ದೇಶದಿಂದ ಸಮುದ್ರ ದಾಟಿ ಬಂದು ಕೊರಿಯಾದ ಪ್ರಾಚೀನ ಗಾಯಾ ರಾಜ್ಯದ ಸುರೋ ರಾಜನನ್ನು ಮದುವೆಯಾದಳೆಂಬುದು ಹದಿಮೂರನೇ ಶತಮಾನದ ‘ಸಂಗುಕ್ ಯುಸಾ’ ಗ್ರಂಥದಲ್ಲಿ ಬರುವ ಐತಿಹ್ಯ. ಪ್ರೀತಿಯಿಂದ ಕೇಳಿಸಿಕೊಳ್ಳಿ, ಪ್ರಬಂಧದಲ್ಲಿ ಮಾತ್ರ ಇತಿಹಾಸವೆಂದು ಬರೆಯಬೇಡಿ. ನಮ್ಮ ನಾಡಿಗೆ ಹತ್ತಿರವಾದ ಎಳೆ ಬೇಕಾದರೆ ಕೊರಿಯಾದ ಹಳೆಯ ರಾಜ್ಯ ಸಿಲ್ಲಾದ ಬೌದ್ಧ ಭಿಕ್ಷು ಹ್ಯೇಚೋ ಇದ್ದಾನೆ. ಎಂಟನೇ ಶತಮಾನದಲ್ಲಿ ಭಾರತ ಸುತ್ತಿ ಅವನು ಬರೆದ ಪ್ರವಾಸ ಕಥನದ ಪ್ರತಿ 1908ರಲ್ಲಿ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿತು. ಅದರಲ್ಲಿ ಬರುವ ದಕ್ಷಿಣ ಭಾರತದ ದೊರೆಯನ್ನು ಬಾದಾಮಿಯ ಚಾಲುಕ್ಯರೊಂದಿಗೆ ಗುರುತಿಸುವವರಿದ್ದಾರೆ. ಚಹಾ ವಿರಾಮದಲ್ಲಿ ಮಾತಿಗೆ ಒಳ್ಳೆಯ ವಿಷಯ.

ಇನ್ನು ಊಟ. ತರಕಾರಿಯೆಂದು ಕಾಣುವ ಸಾರಿನಲ್ಲೂ ಒಣಮೀನಿನ ನೀರಿರುತ್ತದೆ, ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ರಸ ಬೆರೆಸುತ್ತಾರೆ. ಅನ್ನಕ್ಕೆ ತರಕಾರಿ ಹಾಕಿ ಕಲಸಿ ತಿನ್ನುವ ಬಿಬಿಂಬಾಪ್ ಅನ್ನು ಮಾಂಸ, ಮೊಟ್ಟೆ ಬಿಟ್ಟು ಕೇಳಬಹುದು. ಬೇಸಿಗೆಯಲ್ಲಿ ಸಿಗುವ, ತಣ್ಣನೆಯ ಸೋಯಾ ಹಾಲಿನಲ್ಲಿ ಶ್ಯಾವಿಗೆ ಹಾಕಿದ ಕೊಂಗ್‌ಗುಕ್ಸು ನಿಮಗೆ ಹಿಡಿಸೀತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತನ್ನಿ, ಇಲ್ಲಿನ ಅಂಟು ಅನ್ನಕ್ಕೂ ಅವು ಹೊಂದುತ್ತವೆ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಜಾಂಗ್ಮಾ ಮಳೆ ಹಿಡಿಯುತ್ತದೆ, ಗಟ್ಟಿ ಕೊಡೆ ಬೇಕು. ಇಲ್ಲಿನ ಪ್ಲಗ್‌ಗೆ ದುಂಡನೆಯ ಎರಡೇ ಕಡ್ಡಿಯಾದ್ದರಿಂದ ಮೂರು ಕಡ್ಡಿಯ ಲ್ಯಾಪ್‌ಟಾಪ್ ವೈರಿಗೆ ಅಡಾಪ್ಟರ್ ತರಬೇಕು. ದಾರಿ ನೋಡಲು ಮೊಬೈಲ್‌ಗೆ ಕೊರಿಯಾದ ನೇವರ್ ಮ್ಯಾಪ್ ಹಾಕಿಕೊಳ್ಳಿ.

ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ‘ಕ್ಯೊಸುನಿಮ್’ ಎನ್ನಬೇಕು. ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕೈ. ಸಂಜೆಯ ಕೂಟದಲ್ಲಿ ಮದ್ಯ ಬೇಡವಾದರೆ ‘ಸೈಡರ್’ ಎಂಬ ಸೋಡಾ ಹಿಡಿದು ಕೂತರೆ ಆಯಿತು. ನಿಮ್ಮ ಸಂಶೋಧನೆಯ ಒಂದು ಪುಟದ ಸಾರಾಂಶವನ್ನು ಕೊರಿಯನ್‌ನಲ್ಲಿ ಬರೆದು ಮೊದಲ ವಾರದಲ್ಲೇ ಕೊಡಿ. ಕೊನೆಯ ದಿನ ಕೊಟ್ಟರೆ ಓದಲು ಅವರಿಗೆ ಪುರುಸೊತ್ತಿರುವುದಿಲ್ಲ, ನಿಮಗೆ ಬೇಕಾದ ಕಡತ ತೋರಿಸಲು ಸಮಯವೂ ಉಳಿದಿರುವುದಿಲ್ಲ.

ಕಡೆಯದಾಗಿ, ನೋಡಿದ ಪ್ರತಿಯೊಂದು ಪ್ರತಿಯ ಭಂಡಾರ ಸಂಖ್ಯೆಯನ್ನೂ, ಶೀರ್ಷಿಕೆಯನ್ನು ಚೀನೀ ಅಕ್ಷರಗಳಲ್ಲೂ ಬರೆದುಕೊಳ್ಳಿ. ಕೊರಿಯನ್ ಹೆಸರುಗಳನ್ನು ರೋಮನ್ ಲಿಪಿಗೆ ತರಲು 2000ದ ಸರ್ಕಾರಿ ಪದ್ಧತಿಯೊಂದಿದೆ, 1939ರ ಮೆಕ್ಯೂನ್-ರೈಶೌರ್ ಪದ್ಧತಿ ಇನ್ನೊಂದಿದೆ. ಅಮೆರಿಕದ ಗ್ರಂಥಾಲಯ ಸೂಚಿಗಳು ಇವತ್ತಿಗೂ ಹಳೆಯದನ್ನೇ ಬಳಸುವುದರಿಂದ, ಊರಿಗೆ ಮರಳಿ ಅದೇ ಪುಸ್ತಕವನ್ನು ಹುಡುಕುವಾಗ ಆ ಅಕ್ಷರಗಳೇ ನಿಮಗೆ ಆಧಾರವಾಗುತ್ತವೆ.