ಜರ್ಮನಿಯ ಪೌರತ್ವಕ್ಕೆ ಭಾಷಾ ಪರೀಕ್ಷೆ ಏಕೆ?

ಪ್ರಶ್ನೆ: ಬರ್ಲಿನ್‌ನಲ್ಲಿರುವ ನನ್ನ ಮಗನಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಹಾಗಿದ್ದರೂ ಪೌರತ್ವಕ್ಕೆ ಜರ್ಮನ್ ಭಾಷೆಯ ಪರೀಕ್ಷೆ ಬೇಕೆನ್ನುತ್ತಾರೆ. ಇದು ನ್ಯಾಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಮಾನ್ಯವಾಗಿ ಅರ್ಜಿದಾರರು ಬಿ1 ಮಟ್ಟದ, ಅಂದರೆ ದಿನನಿತ್ಯದ ವ್ಯವಹಾರವನ್ನು ಸ್ವತಂತ್ರವಾಗಿ ನಿಭಾಯಿಸುವಷ್ಟು ಜರ್ಮನ್ ತಮಗೆ ಬರುತ್ತದೆಂದು ಪ್ರಮಾಣಪತ್ರದ ಮೂಲಕ ತೋರಿಸಬೇಕು. ಇದಕ್ಕೆ ಪಾಂಡಿತ್ಯವೇನೂ ಬೇಕಿಲ್ಲ. ಮಾತಿನ ಪರೀಕ್ಷೆಯಲ್ಲಿ ಇಬ್ಬರು ಅಭ್ಯರ್ಥಿಗಳು ಕುಳಿತು, ಒಂದು ಸಮಾರಂಭಕ್ಕೆ ಯಾರು ಏನು ತರಬೇಕು, ಎಷ್ಟು ಹೊತ್ತಿಗೆ ಸೇರಬೇಕು ಎಂಬಂಥ ವಿಷಯವನ್ನು ಚರ್ಚಿಸಿ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇದಲ್ಲದೆ ದೇಶದ ಕಾನೂನು, ಇತಿಹಾಸ, ಸಮಾಜಗಳ ಕುರಿತು 33 ಪ್ರಶ್ನೆಗಳ ಇನ್ನೊಂದು ಪರೀಕ್ಷೆಯಿದ್ದು, 17 ಸರಿಯುತ್ತರ ಬಂದರೆ ತೇರ್ಗಡೆ.

ಮತ ಚಲಾಯಿಸುವ ಹಕ್ಕನ್ನು ಕೇಳುವವರು ಅಲ್ಲಿಯ ಸಾರ್ವಜನಿಕ ಚರ್ಚೆಯನ್ನು ಅರ್ಥಮಾಡಿಕೊಳ್ಳಬೇಕೆಂಬ ನಿರೀಕ್ಷೆ ನನಗೆ ಸರಿಯೆನಿಸುತ್ತದೆ. ಆದರೆ ತರಗತಿಗೆ ಹೋಗಲು ಸಮಯವೂ ಹಣವೂ ಇಲ್ಲದೆ ಪಾಳಿಯಲ್ಲಿ ದುಡಿಯುವವರಿಗೆ ಲಿಖಿತ ಪರೀಕ್ಷೆ ನಿಜಕ್ಕೂ ದೊಡ್ಡ ಹೊರೆ. 1974ರ ಜೂನ್ 30ರೊಳಗೆ ಪಶ್ಚಿಮ ಜರ್ಮನಿಗೆ ಬಂದು ಕಾರ್ಖಾನೆಗಳಲ್ಲಿ ಜೀವ ತೇಯ್ದ ‘ಅತಿಥಿ ಕಾರ್ಮಿಕ’ರಿಗೆ (ದುಡಿಮೆಗೆಂದು ಹೊರದೇಶಗಳಿಂದ ಕರೆಸಿಕೊಂಡವರಿಗೆ) ದಿನಬಳಕೆಯ ಮಾತು ಬಂದರೆ ಸಾಕೆಂಬ ವಿನಾಯಿತಿ 2024ರ ತಿದ್ದುಪಡಿಯಲ್ಲಿ ದೊರೆಯಿತು. ಅದು ಬಹಳ ತಡವಾಯಿತು.

ನಮ್ಮ 1955ರ ಪೌರತ್ವ ಕಾಯ್ದೆಯೂ ದೇಶೀಕರಣ (ಅರ್ಜಿ ಸಲ್ಲಿಸಿ ಪೌರತ್ವ ಪಡೆಯುವುದು) ಬಯಸುವ ವಿದೇಶಿಯರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕೆನ್ನುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ.

ಇನ್ನೊಂದು ಮಾತು: ಜರ್ಮನಿ ಈಗ ಎರಡು ಪೌರತ್ವಗಳನ್ನು ಒಪ್ಪುತ್ತದೆಯಾದರೂ ಭಾರತ ಒಪ್ಪುವುದಿಲ್ಲವಾದ್ದರಿಂದ, ನಿಮ್ಮ ಮಗ ಅರ್ಜಿ ಹಾಕುವ ಮೊದಲೇ ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್‌ನ ನಿಯಮಗಳನ್ನು ತಿಳಿದುಕೊಳ್ಳಲಿ.