ಕಾರ್ ಮೆಕ್ಯಾನಿಕ್ ಗೇಮ್‌ನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿ ಸಾಕಾಗಿದೆ, ಬೇಗ ಮುಗಿಸೋದು ಹೇಗೆ? ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ.

ಎಂಜಿನ್ನನ್ನು ಕಾರಿನೊಳಗೇ ಬಿಚ್ಚಬೇಡಿ. ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿ. ಒಳಗಿನ ಕೆಲಸ ಅಂತ ಖಾತ್ರಿಯಾದರೆ ಕ್ರೇನಿನಲ್ಲಿ ಎತ್ತಿ ಸ್ಟ್ಯಾಂಡಿಗೆ ಹಾಕಿ. ಕಾರ್ ಮೆಕ್ಯಾನಿಕ್ ಸಿಮ್ಯುಲೇಟರ್ 2021ರಲ್ಲಿ ಅರ್ಧ ಬೇಸರ ಇಷ್ಟಕ್ಕೇ ಹೋಗುತ್ತದೆ.

ಯಾಕೆಂದರೆ ಅಡ್ಡ ಇರುವ ಭಾಗ ಬಿಚ್ಚದೆ ಒಳಗಿನದನ್ನು ಮುಟ್ಟಲು ಗೇಮ್ ಬಿಡುವುದಿಲ್ಲ. ಒಂದೇ ಒಂದು ಪಿಸ್ಟನ್ ಹೊರಬರಬೇಕಾದರೂ ಮೇಲಿಂದ ವಾಲ್ವ್ ಕವರ್, ಹಲವು ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್, ಸಿಲಿಂಡರ್ ಹೆಡ್, ಕೆಳಗಿಂದ ಆಯಿಲ್ ಪ್ಯಾನ್, ಆಮೇಲೆ ಆ ಪಿಸ್ಟನ್ನಿನ ರಾಡ್ ಕ್ಯಾಪ್ (ರಾಡನ್ನು ಕ್ರ್ಯಾಂಕ್‌ಶಾಫ್ಟಿಗೆ ಹಿಡಿದಿಡುವ ಮುಚ್ಚಳ) ಬಿಚ್ಚಬೇಕು. ಕಾರಿನಲ್ಲಾದರೆ ಬಾನೆಟ್ಟಿಗೊಮ್ಮೆ, ಲಿಫ್ಟಿನಡಿಗೊಮ್ಮೆ ಓಡಾಟ. ಸ್ಟ್ಯಾಂಡಿನಲ್ಲಿ ನಿಂತ ಜಾಗದಲ್ಲೇ ಎಂಜಿನ್ನನ್ನು ತಿರುಗಿಸಬಹುದು.

ಟೆಸ್ಟಿನಲ್ಲಿ ಒಂದು ಸಿಲಿಂಡರಿನ ರೀಡಿಂಗ್ ಕಡಿಮೆ ಬಂದರೆ ಪಿಸ್ಟನ್, ರಿಂಗ್, ಹೆಡ್ ಮೇಲೆ ಅನುಮಾನ ಪಡಿ. ಎಲ್ಲವೂ ಸಮ ಇದ್ದರೆ ಪ್ಲಗ್, ಫಿಲ್ಟರ್, ಫ್ಯೂಯೆಲ್ ಪಂಪ್ ನೋಡಿ. ಎಂಜಿನ್ ಇಳಿಸುವ ಅಗತ್ಯವೇ ಬೀಳದಿರಬಹುದು.

ಬಿಚ್ಚುವಾಗಲೇ ಸವೆದ ಭಾಗಗಳನ್ನು ಶಾಪಿಂಗ್ ಲಿಸ್ಟಿಗೆ ಹಾಕುತ್ತಾ ಹೋಗಿ. ಎಂಟು ಸಿಲಿಂಡರಿನ ವಿ8 ಎಂಜಿನ್ನಿನಲ್ಲಿ ರಾಡ್ ಕ್ಯಾಪೇ ಎಂಟು, ನೆನಪಿನಿಂದ ಆರ್ಡರ್ ಮಾಡಿದರೆ ಒಂದಾದರೂ ತಪ್ಪುತ್ತದೆ. ಮೊದಲ ಸ್ಕಿಲ್ ಪಾಯಿಂಟುಗಳನ್ನು ಬೋಲ್ಟ್ ಬೇಗ ಬಿಚ್ಚುವುದಕ್ಕೇ ಸುರಿಯಿರಿ, ನನ್ನ ಪ್ರಕಾರ ಬೇರೆಲ್ಲ ಆಮೇಲೆ. ಕಡೆಗೆ ಆಯಿಲ್ ತುಂಬುವುದು ಮರೆಯಬೇಡಿ.

ನೀವು ಸೋಮವಾರಪೇಟೆ ಕಡೆಯವರು ಅಂದಿದ್ದೀರಿ. ಕಕ್ಕಡದ (ಜುಲೈ-ಆಗಸ್ಟಿನ ಕೊಡಗಿನ ಮಳೆ ತಿಂಗಳು) ಮಳೆಯಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ವಿ8 ಬಿಚ್ಚಲು ಕೂರಬೇಡಿ. ಕರೆಂಟ್ ಹೋದರೆ ಸೇವ್ ಆಗದ ಕೆಲಸವೆಲ್ಲ ಮತ್ತೆ ಮೊದಲಿಂದ.