ವೇಲ್ಸ್‌ನ ಹೊಸ ಶಾಲೆಯಲ್ಲಿ ಚರ್ಚಿನ ಪಾತ್ರವೇನು?

ಪ್ರಶ್ನೆ: ಮಗಳ ಕುಟುಂಬ ವೇಲ್ಸ್‌ನಲ್ಲಿದೆ. ಅಲ್ಲಿ ಕಟ್ಟಲಿರುವ ಹೊಸ ಶಾಲೆಯ ಯೋಜನೆಯಲ್ಲಿ ಚರ್ಚೂ ಸೇರಿಕೊಂಡಿದೆಯಂತೆ. ಮೊಮ್ಮಗನಿಗೆ ಸೀಟು ಸಿಗುವುದೇ?

ಉತ್ತರ: ಮೊದಲು ಶಾಲೆಯ ವರ್ಗ ಕೇಳಿ. ಎಲ್ಲವೂ ಅದರ ಮೇಲೆಯೇ ನಿಂತಿದೆ. 'ಕಮ್ಯುನಿಟಿ' (ಸ್ಥಳೀಯ ಆಡಳಿತವಾದ ಕೌನ್ಸಿಲ್ ನಡೆಸುವ) ಶಾಲೆಯಾದರೆ ಆಡಳಿತ ಮಂಡಳಿಯಲ್ಲಿ ಚರ್ಚಿಗೆ ಮೀಸಲು ಸ್ಥಾನವಿಲ್ಲ. 'ವಾಲಂಟರಿ ಕಂಟ್ರೋಲ್ಡ್' ಆದರೆ ಚರ್ಚಿನವರು ಅಲ್ಪಸಂಖ್ಯೆಯಲ್ಲಿರುತ್ತಾರೆ, ಪ್ರವೇಶ ಸಾಮಾನ್ಯವಾಗಿ ಕೌನ್ಸಿಲ್ ಕೈಯಲ್ಲಿ. 'ವಾಲಂಟರಿ ಏಡೆಡ್' ಆದರೆ ಅವರದೇ ಬಹುಮತ. ಪ್ರವೇಶ ನಿಯಮವೂ ಮಂಡಳಿಯದೇ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಚರ್ಚಿಗೆ ಬರುವ ಮನೆಯ ಮಕ್ಕಳಿಗೆ ಆದ್ಯತೆ ಕೊಡಬಹುದು. ಸೀಟು ಉಳಿದಿದ್ದರೆ ಧರ್ಮದ ಕಾರಣಕ್ಕೆ ನಿರಾಕರಿಸುವಂತಿಲ್ಲ. ಹಾಗಾಗಿ ಪ್ರವೇಶ ನೀತಿಯ ಆದ್ಯತಾ ಪಟ್ಟಿಯನ್ನು ಸಾಲುಸಾಲಾಗಿ ಓದಿ.

ಯೋಜನೆಗೆ ವಿರೋಧವಿದ್ದರೆ ಹೇಳಲು ಎರಡು ಹಂತಗಳಿವೆ. ಮೊದಲು ಜನರ ಅಭಿಪ್ರಾಯ ಸಂಗ್ರಹ, ಅದಕ್ಕೆ ಕನಿಷ್ಠ 42 ದಿನ. ಅದರಲ್ಲಿ 20 ಶಾಲಾ ದಿನಗಳಿರಬೇಕು. ಬಳಿಕ ಅಧಿಕೃತ ನೋಟಿಸ್, ಆಕ್ಷೇಪಣೆಗೆ 28 ದಿನ. ಬಹಳ ಮಂದಿ ಎಡವುವುದು ಇಲ್ಲೇ: ಮೊದಲ ಹಂತದಲ್ಲಿ ಬರೆದ ವಿರೋಧ ಆಕ್ಷೇಪಣೆಯಾಗಿ ಲೆಕ್ಕಕ್ಕೆ ಬರುವುದಿಲ್ಲ. ನೋಟಿಸ್ ಬಂದ ಮೇಲೆ ಮತ್ತೆ ಲಿಖಿತವಾಗಿ ಕೊಡಲೇಬೇಕು. ದಯವಿಟ್ಟು ಮಗಳಿಗೆ ಇದನ್ನು ಒತ್ತಿ ಹೇಳಿ.